ಕಾವಕ್ಕನ ಬೆಸುಗೆ

ಬಾಗಿಲಾಚೆ ಕೆಮ್ಮು ಕೇಳಿಸಿತು. ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ಸಲ, ಆಮೇಲೆ ಜೋರಾಗಿ ಎರಡು ಸಲ.

ಕಾವಕ್ಕ ಕಪ್ಪು ಗಾಜಿನ ಶೀಲ್ಡನ್ನು ಮುಖದಿಂದ ಕಿತ್ತು ಗೋಡೆಯ ಮೊಳೆಗೆ ತೂಗುಹಾಕಿದಳು. ವೆಲ್ಡಿಂಗ್ ಹೋಲ್ಡರನ್ನು ಅಣ್ಣ ಇಟ್ಟುಹೋದ ಜಾಗದಲ್ಲೇ, ಅವನು ಇಟ್ಟ ಓರೆಯಲ್ಲೇ ಇಟ್ಟಳು. ಗ್ರೈಂಡರ್ ಉದುರಿಸಿದ ಪುಡಿಯನ್ನು ಅಂಗೈಯಿಂದ ಮೇಜಿನ ಕೆಳಕ್ಕೆ ಸವರಿದಳು. ಅಣ್ಣ ಒಳಗೆ ಕಾಲಿಡುವಾಗ ಅವಳ ಕೈಯಲ್ಲಿ ಗ್ಯಾಸ್ ಟಾರ್ಚ್ ಸಣ್ಣಗೆ ಉರಿಯುತ್ತಿತ್ತು.

"ಹಾಳು ಹೊಗೆ," ಎಂದ ಅಣ್ಣ ಎದೆ ನೀವಿಕೊಳ್ಳುತ್ತ.

"ಟೀ ಹೆಂಗಿತ್ತು?"

"ಟೀ ಥರ ಇತ್ತು."

ಬಗ್ಗಿ ಮೇಜಿನ ಮೇಲಿದ್ದ ಉಕ್ಕಿನ ಚೌಕಟ್ಟಿನ ಮೂಲೆ ನೋಡಿದ. ಬೆಸುಗೆ ಒತ್ತೊತ್ತಾಗಿ, ಸಣ್ಣಗೆ, ಇರುವೆಸಾಲಿನಂತೆ ಬಿದ್ದಿತ್ತು. ಅವನು ಟೀಗೆಂದು ಎದ್ದಾಗ ಅಲ್ಲಿದ್ದದ್ದು ಅದಲ್ಲ. "ಪರವಾಗಿಲ್ಲ, ಚೆನ್ನಾಗೇ ಬಂದಿದೆ," ಎಂದ.

"ನಿನ್ನ ಕೈಯಲ್ವಾ, ಬರದೇ ಏನು," ಎಂದಳು ತಂಗಿ.

ಕಾವಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಲೋಹಕ್ಕೆ ಕಾವು ಕೊಡುವವಳು, ಎಲ್ಲರಿಗೂ ಅಕ್ಕ. ಅಣ್ಣನನ್ನು ಮಾತ್ರ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಇಬ್ಬರದೂ ಒಂದೇ ಅಂಗಡಿ: ತಗಡಿನ ಮಾಡು, ಮಸಿ ಹಿಡಿದ ಮೂರು ಗೋಡೆ, ಬೀದಿಗೆ ತೆರೆದ ಅಗಲ ಬಾಗಿಲು.

ಅಲ್ಲಿಗೆ ಬರುತ್ತಿದ್ದದ್ದು ಅಡುಗೆಮನೆಯ ಹೊಳೆಯುವ ಸ್ಟೀಲಲ್ಲ. ಬೂದು ಬಣ್ಣದ, ಅಯಸ್ಕಾಂತ ಅಂಟುವ, ಸದಾ ಮುಖ ಗಂಟಿಕ್ಕಿಕೊಂಡಂತಿರುವ ಉಕ್ಕು. ಕ್ರೋಮಿಯಂ ಧಾರಾಳವಾಗಿ ಬೆರೆತದ್ದು. ಕುಲುಮೆಯೊಳಗೆ ಹೋದರೆ ಅದು ತನ್ನ ಮೈಮೇಲೆ ತಾನೇ ತೆಳ್ಳಗೊಂದು ಪೊರೆ ಕಟ್ಟಿಕೊಳ್ಳುತ್ತದೆ. ಸಾದಾ ಕಬ್ಬಿಣ ಹೊಪ್ಪಳೆ ಎದ್ದು ಉದುರಿಹೋಗುವ ಬೆಂಕಿಯಲ್ಲಿ ಅದು ಕೆಂಪಗೆ ಕಾದು ವರ್ಷಗಟ್ಟಲೆ ಇರುತ್ತದೆ. ಬೆಂಕಿಗೆ ಹೆದರದ ಅದಕ್ಕೆ ತಂಪು ಆಗದು. ಬಹಳ ಕಾಲ ಕುಲುಮೆಯಲ್ಲಿದ್ದು ಹೊರಬಂದ ತುಂಡು ತಣ್ಣಗಿರುವಾಗ ಕೈಜಾರಿದರೆ ಗಾಜಿನ ಹಾಗೆ ಬಿರುಕು ಬಿಡುತ್ತದೆ. ಅದಕ್ಕೇ ಅದನ್ನು ಬೆಸೆಯುವ ಮೊದಲು ನಿಧಾನವಾಗಿ ಬಿಸಿ ಮಾಡಬೇಕು. ಬೆಸೆಯುವಾಗ ಕೈ ಒಂದೇ ಕಡೆ ತಂಗಬಾರದು. ತಂಗಿದರೆ ಒಳಗಿನ ಹರಳು ದಪ್ಪವಾಗಿ ಆ ಜಾಗ ಪೆಡಸಾಗುತ್ತದೆ. ಚಿಕ್ಕ ಚಿಕ್ಕ ಹೊಲಿಗೆ ಹಾಕಿ ಬೇಗ ಬೇಗ ಮುಂದಕ್ಕೆ ಹೋಗಬೇಕು. ಬೇರೆ ಕಬ್ಬಿಣಗಳು ಬೆಸೆಯುವವನ ಕೈತಪ್ಪನ್ನು ಮನ್ನಿಸುತ್ತವೆ, ಇದು ಮನ್ನಿಸುವುದಿಲ್ಲ.

ಕಾವಕ್ಕ ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ಬಂದದ್ದು ಚಳಿಗಾಲದಲ್ಲಿ. ಮನೆಗೆ ಹೋಗಲು ಮುಖವಿಲ್ಲದೆ ನೇರ ಅಂಗಡಿಗೆ ಬಂದಿದ್ದಳು. ಅಣ್ಣ ಚೀಲ ನೋಡಿದ, ಅವಳ ಮುಖ ನೋಡಿದ, ಏನಾಯಿತೆಂದು ಕೇಳಲಿಲ್ಲ. ಉರಿಯುತ್ತಿದ್ದ ಟಾರ್ಚನ್ನು ಅವಳ ಕೈಗೆ ಕೊಟ್ಟ. "ಇದನ್ನ ಸ್ವಲ್ಪ ಬಿಸಿ ಮಾಡ್ತಿರು. ನಂಗೆ ಇರೋದು ಎರಡೇ ಕೈ," ಎಂದ. ಚಳಿಗೆ ಮರಗಟ್ಟಿದ್ದ ಅವಳ ಬೆರಳುಗಳು ಆ ಬಿಸಿಗೆ ಸಡಿಲಾದವು, ಆಮೇಲೆ ಕಣ್ಣು ಸಡಿಲಾಯಿತು. ಅವನು ಶೀಲ್ಡ್ ಕೆಳಗೆಳೆದುಕೊಂಡು ಕೆಲಸ ಮಾಡುತ್ತಲೇ ಇದ್ದ. ಅಂದಿನಿಂದ ಅಂಗಡಿಯ ಕಾವು ಅವಳದು, ಬೆಸುಗೆ ಅವನದು.

ಕಾವು ಕೊಡುವುದು ಸುಮ್ಮನೆ ಉರಿ ಹಿಡಿಯುವುದಲ್ಲ. ಅದಕ್ಕೊಂದು ಬಣ್ಣದ ಬಳಪ ಇದೆ. ಲೋಹದ ಮೇಲೆ ಗೀಟು ಎಳೆದರೆ, ಬೇಕಾದಷ್ಟು ಕಾದ ಕೂಡಲೇ ಆ ಗೀಟು ಕರಗಿ ಒದ್ದೆಯಾದಂತೆ ಮಿನುಗುತ್ತದೆ. ಅವಳಿಗೆ ಕೆಲವೇ ವರ್ಷಗಳಲ್ಲಿ ಬಳಪ ಕರಗುವ ಗಳಿಗೆ ಮುಂಚಿತವಾಗಿಯೇ ತಿಳಿಯತೊಡಗಿತು, ಹಾಲು ಉಕ್ಕುವ ಮೊದಲೇ ಒಲೆಯತ್ತ ತಿರುಗುವವರ ಹಾಗೆ. ಬೆಸುಗೆಯನ್ನು ಅಣ್ಣನೇ ಕಲಿಸಿದ್ದ, ಮಧ್ಯಾಹ್ನದ ಬಿಡುವಿನಲ್ಲಿ, ಗುಜರಿ ತುಂಡುಗಳ ಮೇಲೆ, ಬರೀ ತಮಾಷೆಗೆ.

"ನಂದು ನೋಡು, ಮೀನಿನ ಮೈ. ನಿಂದು ಇರುವೆಸಾಲು," ಎಂದು ನಗುತ್ತಿದ್ದ.

"ಇರುವೆಗಳು ಎಷ್ಟು ಭಾರ ಎತ್ತುತ್ವೆ ಗೊತ್ತಾ ನಿಂಗೆ?"

"ಎತ್ಲಿ, ಎತ್ಲಿ. ಮೊದಲು ಊಟದ ಡಬ್ಬಿ ಎತ್ತಿಡು."

ಎರಡು ವರ್ಷದ ಹಿಂದೆ ಅವನ ಅಂಗಿಯ ಗುಂಡಿಗಳು ತಪ್ಪು ಕಾಜಕ್ಕೆ ಬೀಳತೊಡಗಿದವು. ಆಮೇಲೆ ಲೋಟದ ನೀರು ತುಟಿ ಮುಟ್ಟುವ ಮೊದಲೇ ಅಂಗಿ ಮುಟ್ಟಿತು. ಒಂದು ದಿನ ಅವನು ಎದ್ದು ಹೊರಗೆ ಹೋದಾಗ ಅವಳು ಬಗ್ಗಿ ಬೆಸುಗೆ ನೋಡಿದಳು. ಮೀನಿನ ಮೈ ಇರಲಿಲ್ಲ. ನಡುಗಿದ ಕೈ ತಂಗಿದ ಕಡೆಯೆಲ್ಲ ಲೋಹ ಕೊಳದಂತೆ ಹರಡಿ ಹೆಪ್ಪುಗಟ್ಟಿತ್ತು. ಹಿಂದೆಮುಂದೆ ನೋಡದೆ ಬಾಗಿಲು ಮುಂದಕ್ಕೆಳೆದು, ಗ್ರೈಂಡರ್ ಹಿಡಿದು ಅದನ್ನೆಲ್ಲ ತೆಗೆದಳು. ಮತ್ತೆ ಕಾವು ಕೊಟ್ಟಳು, ತಾನೇ ಬೆಸೆದಳು. ಅವನು ಬಂದು ನೋಡಿ, "ಪರವಾಗಿಲ್ಲ," ಎಂದ. ಅಂದಿನಿಂದ ಅವನಿಗೆ ಟೀಯ ಚಟ ಹತ್ತಿತು. ಒಂದು ಮೂಲೆ ಮುಗಿದರೆ ಟೀ, ಇನ್ನೊಂದು ಮುಗಿದರೆ ಮತ್ತೆ ಟೀ. ಅವಳು ದೇವರೇ ಈ ಚಟ ಕೊಟ್ಟ ಎಂದುಕೊಂಡಳು.

ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ವಾರ ಅವಳು ಜ್ವರ ಬಂದು ಮಲಗಿದಳು. ಆ ವಾರವೇ ಎನಾಮೆಲ್ ಕಾರ್ಖಾನೆಯ ಚೌಕಟ್ಟೊಂದು ರಿಪೇರಿಗೆ ಬಂದು ಹೋಯಿತು.

ಆ ಕಾರ್ಖಾನೆಯಲ್ಲಿ ಬಣ್ಣ ಲೇಪಿಸಿದ ಲೋಟ, ಬಟ್ಟಲುಗಳನ್ನು ಇಂಥ ಚೌಕಟ್ಟುಗಳ ಮೇಲೆ ಸಾಲಾಗಿ ಜೋಡಿಸಿ ಕುಲುಮೆಯೊಳಗೆ ಕಳಿಸುತ್ತಾರೆ. ಮುಂದಿನ ತಿಂಗಳು ಅಲ್ಲಿಯ ಸೂಪರ್‌ವೈಸರ್ ಮುರಿದ ಚೌಕಟ್ಟನ್ನು ಹೊರಿಸಿಕೊಂಡು ಅಂಗಡಿಗೆ ಬಂದ. ದಪ್ಪ ಆಳು, ಮಾತಿಗೊಮ್ಮೆ ಕತ್ತಿನ ಬೆವರು ಒರೆಸಿಕೊಳ್ಳುವವನು.

"ಮೇಸ್ತ್ರಿ, ಕುಲುಮೆ ಆರಿಸಿ ಇದನ್ನ ಇಳಿಸ್ತಿದ್ರು. ಒಂಚೂರು ನೆಲಕ್ಕೆ ತಗಲಿತು ಅಷ್ಟೇ, ಬೆಸುಗೆ ಪಟ್ ಅಂತು. ನಮ್ಮವನೊಬ್ಬನ ಕಾಲು ಹೋಗ್ತಿತ್ತು. ಇಷ್ಟು ವರ್ಷದಲ್ಲಿ ನಿಮ್ಮ ಬೆಸುಗೆ ಒಂದೂ ಬಿಟ್ಟಿರ್ಲಿಲ್ಲ."

ಅಣ್ಣ ಬಿರುಕನ್ನು ಹೆಬ್ಬೆರಳಿನಿಂದ ಸವರಿದ.

"ನಾಳೆ ಬೆಳಗ್ಗೆ ಬರ್ತೀನಿ. ಇದು ಇಲ್ಲೇ ಇರ್ಲಿ, ಇನ್ನೊಂದೂ ತರ್ತೀನಿ. ನನ್ನ ಕಣ್ಣೆದುರಿಗೇ ಬೆಸೀರಿ. ಮೇಲಿನವರಿಗೆ ನಾನು ಉತ್ತರ ಕೊಡ್ಬೇಕಲ್ಲ. ಬೇಜಾರು ಮಾಡ್ಕೋಬೇಡಿ."

"ಬೇಜಾರೇನು ಸಾರ್, ಬನ್ನಿ," ಎಂದ ಅಣ್ಣ. "ಸ್ಟೂಲ್ ಹಾಕ್ತೀನಿ."

ಆ ಸಂಜೆ ಒಗೆದ ಬಟ್ಟೆ ಮಡಚುವಾಗ ಕಾವಕ್ಕನ ಕೈ ಓಡಲಿಲ್ಲ. ಒಂದೇ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅತ್ತಿಗೆ ನೋಡುವಷ್ಟು ನೋಡಿ, "ಅದೇನು ಆ ಟವೆಲ್ ನಿನ್ನ ಸಾಲ ತಿಂದಿದೆಯಾ?" ಎಂದಳು.

"ನಾಳೆ ಅಣ್ಣ ಟೀಗೆ ಹೋಗೋಕಾಗಲ್ಲ ಅತ್ತಿಗೆ." ಬಾಯಿಂದ ಜಾರಿಬಿಟ್ಟಿತು.

ಅತ್ತಿಗೆ ನಕ್ಕಳು. "ಯಾರು ಹೋಗ್ತಾರೆ ಟೀಗೆ? ನಿಮ್ಮಣ್ಣನಿಗೆ ಟೀ ಕುಡಿದ್ರೆ ಎದೆ ಉರಿ. ಬಿಟ್ಟು ಯಾವ ಕಾಲ ಆಯ್ತು."

"ಮತ್ತೆ ದಿನಾ ಹೋಗೋದು?"

"ಎಲ್ಲಿಗೆ? ಅಂಗಡಿ ಹಿಂದಿನ ಗೋಡೆಗೆ. ಬುತ್ತಿ ತರುವಾಗ ದಿನಾ ನೋಡ್ತೀನಿ, ಆ ಖಾಲಿ ಡ್ರಮ್ ಮೇಲೆ ಕಿವಿ ಕೊಟ್ಕೊಂಡು ಕೂತಿರ್ತಾರೆ. ನಿನ್ನ ಗ್ರೈಂಡರ್ ನಿಂತು, ವೆಲ್ಡಿಂಗ್ ಸದ್ದೂ ನಿಂತ ಮೇಲೆ ಏಳ್ತಾರೆ. ಏಳ್ತಾ ಕೆಮ್ಮು ಹುಡುಕ್ತಾರೆ. ಇಲ್ದಿದ್ರೆ ನೀನು ಸಿಕ್ಕಿಬೀಳ್ತೀಯಲ್ಲ."

ಕಾವಕ್ಕ ಟವೆಲನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಎಷ್ಟು ಕೆಮ್ಮು! ಅವನಿಗೆ ಎದೆ ಕಟ್ಟಿದೆಯೆಂದು ಅವಳು ಜೇನುತುಪ್ಪ ಬೇರೆ ತಂದುಕೊಟ್ಟಿದ್ದಳು. ಅವನು ಅದನ್ನು ಮುಖ ಕಿವುಚಿಕೊಂಡು ನೆಕ್ಕಿದ್ದ.

"ನೀವಾದ್ರೂ ಹೇಳ್ಬಾರ್ದಿತ್ತಾ?"

"ನಾಟಕ ಇಷ್ಟು ಚೆನ್ನಾಗಿ ನಡೀತಿರುವಾಗ ನಾನ್ಯಾಕೆ ಪರದೆ ಎಳೀಲಿ?" ಅತ್ತಿಗೆ ಪಕ್ಕ ಬಂದು ಕೂತಳು. ದನಿ ತಗ್ಗಿತು. "ನಾಳೆ ಏನು ಮಾಡ್ತೀಯೇ?"

"ಗೊತ್ತಿಲ್ಲ. ನಮ್ಮ ಅಂಗಡಿಗೆ ಬೋರ್ಡಿಲ್ಲ ಅತ್ತಿಗೆ. ಅಣ್ಣನ ಕೈಯೇ ಬೋರ್ಡು. ಅದು ನಡುಗೋದನ್ನ ಹೊರಗಿನವರು ನೋಡೋ ಹಾಗೆ ಆಗ್ಬಾರ್ದು. ಅಷ್ಟೇ ಗೊತ್ತು."

ಬೆಳಗ್ಗೆ ಸೂಪರ್‌ವೈಸರ್ ಹೇಳಿದಂತೆ ಬಂದು ಸ್ಟೂಲಿನ ಮೇಲೆ ಕೂತ. ಚೌಕಟ್ಟಿನ ಒಡೆದ ಮೂಲೆಯನ್ನು ಅಣ್ಣ ಉಜ್ಜಿ ಹಸನು ಮಾಡಿದ. ಕಾವಕ್ಕ ಬಳಪದಿಂದ ಗೀಟೆಳೆದು ಟಾರ್ಚ್ ಹಚ್ಚಿದಳು. ಜ್ವಾಲೆಯನ್ನು ಅತ್ತಿಂದಿತ್ತ ಆಡಿಸುತ್ತ, ಅವಸರವಿಲ್ಲದೆ, ಲೋಹಕ್ಕೆ ಕಾವು ಉಣಿಸಿದಳು. ಅಣ್ಣ ಹೋಲ್ಡರಿಗೆ ರಾಡ್ ಸಿಕ್ಕಿಸಿಕೊಂಡು ನಿಂತ. ರಾಡಿನ ತುದಿ ಮೇಜಿನ ಅಂಚಿಗೆ ತಗಲಿ ಟಿಕಿಟಿಕಿ ಎನ್ನುತ್ತಿತ್ತು. ಅವಳು ಜ್ವಾಲೆಯ ಸದ್ದು ಹೆಚ್ಚಿಸಿದಳು, ಅದು ಕೇಳದಿರಲಿ ಎಂದು.

ಗೀಟು ಕರಗಿತು. ಅವಳು ಅದು ಕಾಣದಂತೆ ಕೈ ಅಡ್ಡ ಹಿಡಿದಳು.

"ಆಯ್ತಾ ಅಮ್ಮಾ?" ಎಂದ ಸೂಪರ್‌ವೈಸರ್.

"ಇನ್ನೂ ಇಲ್ಲ."

ಅಣ್ಣ ಅವಳತ್ತ ನೋಡಿದ. ಅವಳು ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಯಿತು. ಹೆಚ್ಚು ಕಾಸಿದರೆ ಲೋಹ ಕೆಡುತ್ತದೆಂದು ಇಬ್ಬರಿಗೂ ಗೊತ್ತು. ಅವಳು ಟಾರ್ಚ್ ತಗ್ಗಿಸಿ ಹೇಳಿದಳು: "ಅಣ್ಣಾ, ನಿನ್ನೆ ನಿನ್ನ ಕಣ್ಣಿಗೆ ಕಿಡಿ ಬಿತ್ತಲ್ಲ, ಇನ್ನೂ ಕೆಂಪಗಿದೆ. ಇವತ್ತೊಂದಿನ ನಾನು ಮಾಡ್ಲಾ?"

ಅವಳು ಅವನಿಗೆ ಕೊಡಬಲ್ಲ ಮರೆ ಅದೊಂದೇ ಆಗಿತ್ತು. ಅವನು ತಲೆದೂಗಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ಅವಳನ್ನೇ ನೋಡಿದ. ಚೀಲ ಹಿಡಿದು ಬಂದ ದಿನ ನೋಡಿದ್ದ ಹಾಗೆ.

"ಕಣ್ಣು ಚೆನ್ನಾಗಿದೆ ಕಣೇ," ಎಂದ. "ಕೆಟ್ಟಿರೋದು ಕೈ."

ಹೋಲ್ಡರನ್ನು ಕೆಳಗಿಟ್ಟು, ಬಲಗೈಯನ್ನು ಸೂಪರ್‌ವೈಸರ್ ಮುಂದೆ ನೀಡಿದ. ಬೆರಳುಗಳು ಗಾಳಿಯಲ್ಲಿ ಏನನ್ನೋ ಎಣಿಸುವಂತೆ ನಡುಗುತ್ತಿದ್ದವು. "ನೋಡಿ ಸಾರ್. ಎರಡು ವರ್ಷ ಆಯ್ತು. ಅಷ್ಟೂ ಕಾಲ ನಿಮ್ಮ ಕುಲುಮೆಗೆ ಹೋಗಿದ್ದೆಲ್ಲ ಇವಳ ಬೆಸುಗೆ. ಒಡೆದದ್ದೊಂದೇ ನಂದು. ಆ ವಾರ ಇವಳಿಗೆ ಜ್ವರ ಇತ್ತು."

ಸೂಪರ್‌ವೈಸರ್ ಆ ಕೈ ನೋಡಿದ, ಇವಳ ಮುಖ ನೋಡಿದ, ಕತ್ತು ಒರೆಸಿಕೊಂಡ. "ಎರಡು ವರ್ಷ ನಂಗೆ ಟೋಪಿ ಹಾಕಿದ್ರಾ ಮೇಸ್ತ್ರಿ?"

"ನಿಮಗಲ್ಲ ಸಾರ್. ನಾವಿಬ್ರೂ ಒಬ್ಬರಿಗೊಬ್ಬರು ಹಾಕ್ಕೊಂಡ್ವಿ. ನೀವು ಮಧ್ಯೆ ಸಿಕ್ಕೊಂಡ್ರಿ."

ಕಾವಕ್ಕನಿಗೆ ಅಳಲು ಹೊತ್ತಿರಲಿಲ್ಲ, ಮೂಲೆ ಆರುತ್ತಿತ್ತು. ಅಣ್ಣ ಮೊಳೆಯಿಂದ ಶೀಲ್ಡ್ ತೆಗೆದು ಅವಳ ತಲೆಗಿಟ್ಟ. ಅವಳ ಕೈಯಿಂದ ಟಾರ್ಚ್ ತಾನು ತೆಗೆದುಕೊಂಡ. "ಇದಕ್ಕೆ ನನ್ನ ಕೈಯೇ ವಾಸಿ ಸಾರ್," ಎಂದ, ಜ್ವಾಲೆಯನ್ನು ಲೋಹದ ಮೇಲೆ ಹಿಡಿಯುತ್ತ. "ಉರಿ ಒಂದೇ ಕಡೆ ನಿಲ್ಬಾರ್ದು ನೋಡಿ. ನಂಗೆ ಆಡಿಸೋ ಕಷ್ಟ ಕೂಡ ಇಲ್ಲ, ಅದರ ಪಾಡಿಗೆ ಅದು ಆಡುತ್ತೆ."

ಸೂಪರ್‌ವೈಸರಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು, ಶೀಲ್ಡಿನೊಳಗೆ. ನಗುತ್ತಲೇ ಮೊದಲ ಕಿಡಿ ಎಬ್ಬಿಸಿದಳು. ಸಣ್ಣ ಹೊಲಿಗೆ, ಮುಂದಕ್ಕೆ. ಮೇಲೆ ಕಟ್ಟಿದ ಕಿಟ್ಟ ಕುಟ್ಟಿ ತೆಗೆದು, ಉಜ್ಜಿ, ಮತ್ತೊಂದು ಸಾಲು. ಬಾಗಿಲು ತೆರೆದಿರುವಾಗ, ನೋಡುವವರಿರುವಾಗ ಅವಳು ಗಿರಾಕಿಯ ಕೆಲಸ ಬೆಸೆದದ್ದು ಅದೇ ಮೊದಲು. ಆಚೆ ಕೆಮ್ಮಿಗಾಗಿ ಕಿವಿ ನಿಮಿರಿಸಬೇಕಿರಲಿಲ್ಲ. ಅಣ್ಣನ ಉಸಿರು ಪಕ್ಕದಲ್ಲೇ ಇತ್ತು.

ಮೂಲೆಯನ್ನು ಗಾಳಿ ತಾಗದಂತೆ ಮುಚ್ಚಿಟ್ಟರು. ಅತ್ತಿಗೆ ತಂದ ಬುತ್ತಿಯನ್ನು ನಾಲ್ವರೂ ಹಂಚಿಕೊಂಡರು. ಚೌಕಟ್ಟು ಪೂರ್ತಿ ತಣ್ಣಗಾದ ಮೇಲೆ ಸೂಪರ್‌ವೈಸರ್ ಎದ್ದು, ಅದರ ಒಂದು ತುದಿ ಎತ್ತಿ, ಕಾರ್ಖಾನೆಯವರು ಇಳಿಸುವ ಹಾಗೆಯೇ ನೆಲಕ್ಕೆ ಬಿಟ್ಟ. ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಚೌಕಟ್ಟು ಒಮ್ಮೆ ಕುಣಿದು ಸುಮ್ಮನಾಯಿತು. ಅವನು ಕೂತು, ಬೆಸುಗೆಗೆ ಮೂಗು ತಾಗುವಷ್ಟು ಬಗ್ಗಿ ಹುಡುಕಿದ. ಬಿರುಕು ಸಿಗಲಿಲ್ಲ. ಇನ್ನೊಮ್ಮೆ ಬಿಟ್ಟ.

"ಸಾಕು ಬಿಡಿ ಸಾರ್, ನೆಲ ಒಡೆದೀತು," ಎಂದಳು ಅತ್ತಿಗೆ.

"ಯಾರ ಕೈಯಾದ್ರೇನು, ನನ್ನ ಲೋಟ ಬೀಳ್ಬಾರ್ದು," ಎಂದ ಅವನು ಮೈ ಕೊಡವಿಕೊಂಡು. ಆಮೇಲೆ ಎರಡನೇ ಚೌಕಟ್ಟನ್ನು ಮೇಜಿಗೇರಿಸಲು ತಾನೂ ಕೈಕೊಟ್ಟ. ಅಣ್ಣ ಅದರ ಮೇಲೆ ಗೀಟೆಳೆದು ಟಾರ್ಚ್ ಹಿಡಿದ.

ಸೂಪರ್‌ವೈಸರ್ ಹೊರಡಲಿಲ್ಲ. ಬಾಗಿಲ ಹತ್ತಿರ ಕಾವಕ್ಕನ ಪಕ್ಕ ಬಂದು ನಿಂತು, ದನಿ ತಗ್ಗಿಸಿ ಕೇಳಿದ: "ಒಂದು ಮಾತು ಹೇಳಿ ಅಮ್ಮಾ. ಮುಂದಿನ ತಿಂಗಳು ಕುಲುಮೆ ಆರಿಸ್ತೀವಿ, ಒಳಗೆ ಚೌಕಟ್ಟು ಸಾಗೋ ಹಳಿಯನ್ನ ಅಲ್ಲೇ ಬೆಸೀಬೇಕು. ನೀವೇ ಬರ್ತೀರಾ? ಮೇಸ್ತ್ರಿ ಏನಂತಾರೋ..."

"ಬರ್ತೀನಿ. ಆದ್ರೆ ಕಾವು ಕೊಡೋಕೆ ನಂಗೆ ಅಣ್ಣ ಬೇಕು. ಬೇರೆ ಯಾರು ಬಂದ್ರೂ..."

"ಕಾದಿದೆ ಬಾರೇ!" ಎಂದು ಒಳಗಿಂದ ಅಣ್ಣ ಕೂಗಿದ. "ಹರಟೆ ಆಮೇಲೆ!"

"ಬೇರೆ ಯಾರು ಬಂದ್ರೂ... ಏನಮ್ಮಾ?" ಎಂದು ಸೂಪರ್‌ವೈಸರ್ ಕೇಳುತ್ತಿದ್ದ. ಕಾವಕ್ಕ ಆಗಲೇ ಶೀಲ್ಡನ್ನು ಕೆಳಗೆಳೆದುಕೊಳ್ಳುತ್ತ ಮೇಜಿನತ್ತ ನಡೆದಿದ್ದಳು.