ಗೆದ್ದವಳ ಬೂಟು

ಬಾಗಿಲ ಪಕ್ಕದ ಪುಟ್ಟ ಬಟ್ಟಲಿನ ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳದೆ ಆಫ್ರಾ ಯಾವತ್ತೂ ಹೊಸ್ತಿಲು ದಾಟಿದವಳಲ್ಲ. ಹಿಮಗಾಳಿ ಬೀಸಲಿ, ಜ್ವರವಿರಲಿ, ಮೊದಲು ಅದು, ಆಮೇಲೇ ಬೂಟು.

ಆ ಬೂಟು ಪಂದ್ಯ ಗೆದ್ದ ರೋಸ್ವಿಥಾ ಅವಳಿಗೆ ಕೊಟ್ಟದ್ದು. ಆಸ್ಟ್ರಿಯಾದ ಟಿರೋಲಿನ ಆ ಮೇಲುಕಣಿವೆಯಲ್ಲಿ ಸ್ಕೀ ಪಂದ್ಯ ಗೆದ್ದವರು ಆಟ ಬಿಟ್ಟಾಗ ತಮ್ಮ ಬೂಟನ್ನು ಅದೇ ಅಳತೆಯ ಪಾದದವರಿಗೆ ಕೊಡುತ್ತಾರೆ. ಅದು ದೊಡ್ಡ ಗೌರವ. ಬೇಡ ಎಂದರೆ ಕೊಟ್ಟ ಮನೆಯವರು ಮುಖ ತಿರುಗಿಸುತ್ತಾರೆ. ರೋಸ್ವಿಥಾಳ ಅಣ್ಣ ಕ್ವಿರಿನ್ ಸ್ಕೀ ಶಾಲೆಯ ಯಜಮಾನ. ಗುಡ್ಡದ ಹೋಟೆಲಿನಲ್ಲಿ ಹಿಟ್ಟಿನ ಉಂಡೆ ಬೇಯಿಸುವ ಆಫ್ರಾ ಅವನ ಶಾಲೆಯಲ್ಲಿ ಕಲಿಸುವವಳಾಗಬೇಕೆಂದು ಎರಡು ಚಳಿಗಾಲ ಆ ಬೂಟು ಹಾಕಿ ಪರೀಕ್ಷೆಗೆ ಇಳಿದಳು. ಎರಡು ಸಲವೂ ಬಿದ್ದಳು. ನೆಟ್ಟಗೆ ಜಾರಲು ಹೋದರೆ ಸ್ಕೀಗಳ ಒಳಅಂಚು ಹಿಮವನ್ನು ಕಚ್ಚುತ್ತಿತ್ತು, ಮೂತಿಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಮಂಡಿಗೆ ಅಂಟು ಹಾಕ್ಕೊಂಡಿದ್ದೀಯೇನೇ, ಪುಕ್ಕಲಿ? ಹೋಗು, ಉಂಡೆ ಬೇಯ್ಸು!" ಎಂದು ಕ್ವಿರಿನ್ ಎಲ್ಲರೆದುರು ಕೂಗಿದ್ದ. ಜನ ನಕ್ಕಿದ್ದರು. ಆಫ್ರಾ ಅದನ್ನು ನಂಬಿ, ಧೈರ್ಯ ಕೊಡು ತಾಯಿ ಎಂದು ಮೇರಿಮಾತೆಗೆ ಮೊಣಕಾಲೂರಿದ್ದಳು.

ಮೂರನೆಯ ಚಳಿಗಾಲ ಬೂಟಿನ ಕೊಂಡಿ ಮುರಿಯಿತು. ರಿಪೇರಿ ಮಾಡುವ ಗೆಬ್‌ಹಾರ್ಟ್ ಅದನ್ನು ಮೇಜಿನ ಮೇಲಿಟ್ಟ. ಅದು ಒಳಮಗ್ಗುಲಿಗೆ ವಾಲಿತು.

"ನಿನ್ನ ಬೂಟು ಕುಡಿದುಬಿಟ್ಟಿದೆ ಕಣಮ್ಮಾ."

"ಬಾಯಿ ಮುಚ್ಚೋ, ಗೆದ್ದವಳ ಬೂಟದು!"

ಅವನು ಮಗುಚಿ ನೋಡಿದ. ಅಡಿಯ ಒಳಭಾಗವನ್ನು ಯಾರೋ ಉಜ್ಜಿ ತೆಳುಮಾಡಿದ್ದರು. ಆಫ್ರಾಳಿಗೆ ಬೂಟು ಹಾಕಿಸಿ, ನಿಲ್ಲಿಸಿ, ಮಂಡಿಚಿಪ್ಪಿನ ನಡುವಿನಿಂದ ಮೊಳೆ ಕಟ್ಟಿದ ದಾರ ಇಳಿಬಿಟ್ಟ. ಎರಡನೇ ಬೆರಳಿನ ನೇರಕ್ಕೆ ಬರಬೇಕಾದ ಮೊಳೆ ಹೆಬ್ಬೆರಳನ್ನೂ ದಾಟಿ ಒಳಗೆ ತೂಗಿತು.

"ರೋಸ್ವಿಥಾಳ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗಿತ್ತಲ್ಲ, ಅವಳ ಬೂಟು ನೋಡ್ಕೊಳ್ತಿದ್ದ ಕ್ವಿರಿನ್ ಅವಳಿಗೋಸ್ಕರ ಉಜ್ಜಿದಾನೆ. ನಿನ್ನ ಮಂಡಿ ಮೊದಲೇ ಒಳಕ್ಕೆ. ಅವಳಿಗೆ ಔಷಧಿ, ನಿಂಗೆ ವಿಷ."

"ತಾನೇ ಉಜ್ಜಿದ್ದಾನೆ, ತಾನೇ ನನ್ನನ್ನ ಪುಕ್ಕಲಿ ಅಂದಿದ್ದಾನೆ!" ಆಫ್ರಾಳ ಮೈ ಉರಿಯಿತು. ತಾನು ಪುಕ್ಕಲಿಯೆಂದೇ ನಂಬಿ ಮೇರಿಮಾತೆಯ ಮುಂದೆ ಧೈರ್ಯ ಬೇಡಿದ್ದು ನೆನಪಾಗಿ ಇನ್ನೂ ಉರಿಯಿತು.

ಗೆಬ್‌ಹಾರ್ಟ್ ಬಳಿಯಿದ್ದ ಹಳೆಯ, ಯಾರ ಹೆಸರೂ ಇಲ್ಲದ ಜೋಡಿಯೊಂದನ್ನು ತೆಗೆದುಕೊಂಡಳು. ಅಡಿಗೆ ಒಳಗಡೆ ದಪ್ಪವಿರುವ ಬೆಣೆ ಕೂರಿಸಿ, ಬೂಟಿನ ಕಣಕಾಲಿನ ಬಳಿಯ ತಿರುಪು ತಿರುಗಿಸಿ, ದಾರ ನೆಟ್ಟಗಾಗುವವರೆಗೆ ಇಬ್ಬರೂ ಬಿಡಲಿಲ್ಲ. ಮರುದಿನ ಇಳಿಜಾರಿನಲ್ಲಿ ಸ್ಕೀಗಳು ಎರಡು ಗೆರೆ ಎಳೆದಂತೆ ನೇರ ಹೋದವು.

ಸುದ್ದಿ ಕ್ವಿರಿನ್‌ಗೂ ಮುಟ್ಟಿತು. ಪರೀಕ್ಷೆಯ ಹಿಂದಿನ ದಿನ ಹೋಟೆಲಿನ ಅಡುಗೆಮನೆಗೇ ಬಂದ, ಟೋಪಿ ಕೈಯಲ್ಲಿ ಹಿಡಿದು.

"ಆಫ್ರಾ, ಉಜ್ಜಿದ್ದು ಮರೆತೇಹೋಗಿತ್ತು ಕಣೆ. ನನ್ನ ತಂಗಿ ಕೊಟ್ಟ ಬೂಟನ್ನ ಆಫ್ರಾ ಬಿಸಾಕಿದ್ಳು ಅಂತ ಊರು ಆಡ್ಕೊಳ್ಳೋದು ಬೇಡ. ನಾಳೆ ನೀನು ಆ ಬೇರೆ ಬೂಟಲ್ಲಿ ಎಲ್ಲರೆದುರು ಇಳಿಯೋದೇ ಬೇಡ. ಪಾಸು ಅಂತ ಬರ್ದುಬಿಡ್ತೀನಿ. ಮಕ್ಕಳ ಗುಂಪೂ ನಿಂಗೇ."

ಆಫ್ರಾ ಸೌಟು ಕೆಳಗಿಟ್ಟಳು.

"ಮರೆತೆಯಾ? ನನ್ನ ನೋಡಿ ನಗೋವಾಗ್ಲೂ ನೆನಪಾಗ್ಲಿಲ್ವಾ? ನಿನ್ನ ಉಪಕಾರ ನಂಗೆ ಬೇಡ, ಕ್ವಿರಿನ್. ಎಲ್ಲರ ಮುಂದೆ ಪುಕ್ಕಲಿ ಅಂದೆ, ನಾಳೆ ಎಲ್ಲರ ಮುಂದೇನೇ ಇಳೀತೀನಿ. ನೋಡಿದ್ಮೇಲೆ ಬರಿ."