ಗುರುತಕ್ಕ ಇಟ್ಟ ಹೆಸರು

ನನ್ನ ಗಂಡನ ಅಕ್ಕನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಆ ಹೆಸರು ಹಿಡಿದು ಕರೆದವರನ್ನು ನಾನಂತೂ ಕಾಣೆ. ನಾನು ಮದುವೆಯಾಗಿ ಆ ಮನೆಗೆ ಬರುವ ಹೊತ್ತಿಗಾಗಲೇ ಅವರು ಬೀದಿಗೆಲ್ಲ ಗುರುತಕ್ಕ ಆಗಿಬಿಟ್ಟಿದ್ದರು. ನನಗೆ ಅತ್ತಿಗೆ, ಇದ್ದದ್ದು ನಮ್ಮ ಜೊತೆಯಲ್ಲೇ.

ಬೀದಿಯ ತಿರುವಿನಲ್ಲಿ ಒಂದು ಲಾಂಡ್ರಿ. ಮುಂದೆ ಕೌಂಟರು, ಹಿಂದೆ ಬಟ್ಟೆ ಕುದಿಸುವ ಹಂಡೆಗಳು, ನಡುವೆ ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು. ಮೇಜಿನ ತುದಿಯ ಸ್ಟೂಲು ಅತ್ತಿಗೆಯದು. ಬಂದ ಬಟ್ಟೆ ಯಾರ ಮನೆಯದೆಂದು ತಿಳಿಯಲು ಅದರ ಒಳಮಡಿಕೆಯಲ್ಲಿ ಕೆಂಪು ದಾರದ ಗುರುತು ಹಾಕುವುದು ಅವರ ಕೆಲಸ. ಶಾಯಿಯಲ್ಲಿ ಬರೆದರೆ ಹಂಡೆಯಲ್ಲಿ ಕರಗಿ ಹೋಗುತ್ತದೆ, ದಾರ ಹೋಗುವುದಿಲ್ಲ. ಡಾಕ್ಟರ ಮನೆಯದು ಹಕ್ಕಿಯ ಕಾಲು, ದರ್ಜಿಯದು ಒಂದು ಕೊಕ್ಕೆ, ನಮ್ಮದು ಓರೆಯಾದ ಎರಡು ಹೊಲಿಗೆ. ಅಕ್ಷರ ಕಲಿಯದ ಹೆಂಗಸು, ನೂರಾ ನಲವತ್ತು ಮನೆಗಳ ಗುರುತನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಒಂದು ದಿನ ನಾನು ಬಟ್ಟೆ ಕೊಡಲು ಹೋದಾಗ ಗಂಟು ಬಿಚ್ಚುತ್ತ ನನ್ನ ಕಿವಿಯಲ್ಲಿ, “ಆ ಮೂಲೆ ಮನೇಲಿ ಗಂಡ ಹೆಂಡ್ತಿ ಜಗಳ ಕಣೇ,” ಎಂದರು.

“ನಿಮಗೆ ಯಾರು ಹೇಳಿದ್ರು?”

“ಮೂರು ವಾರದಿಂದ ಎರಡು ಹೊದಿಕೆ ಒಗೆಯೋಕೆ ಬರ್ತಿದೆ. ಮೊದ್ಲು ಒಂದೇ ಬರ್ತಿತ್ತು.”

ಮುಂದಿನ ತಿಂಗಳು ಮತ್ತೆ ಒಂದೇ ಬಂತು. ಅವತ್ತು ಅತ್ತಿಗೆಗೆ ತಾವೇ ರಾಜಿ ಮಾಡಿಸಿದಷ್ಟು ಖುಷಿ.

ಮಕ್ಕಳಿಗೆ ಹೆಸರಿಡುವುದೂ ಅವರಿಗೆ ಗುರುತು ಹಾಕಿದ ಹಾಗೆಯೇ. ಅವರಿಗೆ ಮಕ್ಕಳಿರಲಿಲ್ಲ. ಬೀದಿಯಲ್ಲಿ ಯಾರಿಗೆ ಮಗು ಹುಟ್ಟಿದರೂ ಮನೆಯವರು ಎತ್ತಿಕೊಂಡು ಬಂದು ಆ ಉದ್ದನೆಯ ಮೇಜಿನ ಮೇಲೆ, ಇಸ್ತ್ರಿಯಾದ ಬಟ್ಟೆಗಳ ಪಕ್ಕ, ಬೆಚ್ಚಗೆ ಮಲಗಿಸುತ್ತಿದ್ದರು. ಅತ್ತಿಗೆ ನೋಡುತ್ತ ಕೂರುತ್ತಿದ್ದರು. “ಏನಾದ್ರೂ ಹೇಳಕ್ಕಾ,” ಎಂದರೆ, “ತಡೀರಿ, ಮಗು ಇನ್ನೂ ದಾರೀಲಿದೆ, ಬಂದು ಕೂತ್ಕೊಳ್ಳಲಿ,” ಎನ್ನುತ್ತಿದ್ದರು. ಎರಡು ದಿನವೋ ನಾಲ್ಕು ದಿನವೋ ಕಳೆದ ಮೇಲೆ ಬಾಯಿಂದ ಒಂದು ಹೆಸರು ಬೀಳುತ್ತಿತ್ತು. ಸದಾ ಕಣ್ಣು ಮಿಟುಕಿಸುತ್ತಿದ್ದ ನನ್ನ ಮಗ ಮಿಟುಕ. ದುಂಡು ಮುಖದ ದರ್ಜಿಯ ಮಗ ಬಟ್ಲು. ಡಾಕ್ಟರ ಮನೆಯ ಹುಡುಗಿ ಗೊಣಗಿ. ಗೊಣಗಿ ಈಗ ದೊಡ್ಡ ಆಫೀಸಿನಲ್ಲಿ ಮೇಲಧಿಕಾರಿ. ಹಳೆಯ ಕಥೆ ಗೊತ್ತಿಲ್ಲದ ಕೈಕೆಳಗಿನವರೂ ಬೆನ್ನ ಹಿಂದೆ ಅದೇ ಹೆಸರಿನಿಂದ ಕರೆಯುತ್ತಾರಂತೆ.

ಆದರೆ ಈ ಹೆಸರುಗಳೆಲ್ಲ ಪೂರ್ತಿಯಾಗಿ ಬಾಳಿದ್ದು ಐದು ವರ್ಷ ಮಾತ್ರ. ಶಾಲೆಗೆ ಸೇರಿಸುವ ದಿನ ಹಾಜರಿ ಪುಸ್ತಕಕ್ಕೆ ಒಂದು ಉದ್ದನೆಯ ಹೆಸರು ಹೋಗುತ್ತಿತ್ತು, ಅತ್ತಿಗೆಯ ಹೆಸರು ಮನೆಯಲ್ಲಿ ಕರೆಯುವುದಕ್ಕಷ್ಟೇ ಉಳಿಯುತ್ತಿತ್ತು. ಮಿಟುಕನನ್ನು ಸೇರಿಸಿ ಬಂದ ದಿನ ನಾನು ಅಳುಕುತ್ತ ವಿಷಯ ಹೇಳಿದೆ. ಅತ್ತಿಗೆ ನಕ್ಕರು. “ಬಟ್ಟೆ ಮೇಲೆ ಹಾಕಿದ್ದು ನಿಲ್ಲುತ್ತೆ, ಮಕ್ಕಳ ಮೇಲೆ ಹಾಕಿದ್ದು ಒಂದೇ ಒಗೆತಕ್ಕೆ ಹೋಗುತ್ತೆ ನೋಡು,” ಎಂದರು. ನಕ್ಕರು ನಿಜ, ಆದರೆ ಅವತ್ತು ಊಟಕ್ಕೆ ಏಳಲಿಲ್ಲ.

ಅರವತ್ತೆಂಟು ದಾಟಿದ ಮೇಲೆ ಅವರ ಕಣ್ಣು ಮಂಜಾಗತೊಡಗಿತು. ಯಾರಿಗೂ ಹೇಳಲಿಲ್ಲ. ಡಾಕ್ಟರೂ ಇನ್ನು ಮಾಡುವಂಥದ್ದು ಏನಿಲ್ಲ ಎಂದಿದ್ದರೆಂದು ನಮಗೆ ಗೊತ್ತಾದದ್ದು ಆಮೇಲೆ. ನಲವತ್ತು ವರ್ಷದ ಅಭ್ಯಾಸ, ಬೆರಳೇ ದಾರಿ ಹಿಡಿದು ಹೋಗುತ್ತಿತ್ತು. ಒಂದು ಸಲ ಮಾತ್ರ ಎಡವಿತು. ಗಡಿಯಾರ ರಿಪೇರಿಯವರ ಗುರುತು ಸಾಲಾಗಿ ನಾಲ್ಕು ಹೊಲಿಗೆ. ಬೀದಿಗೆ ಹೊಸದಾಗಿ ಬಂದ ಬ್ರೆಡ್ ಅಂಗಡಿಯವರಿಗೆ ಐದು ಎಂದು ಅವರೇ ಗೊತ್ತು ಮಾಡಿದ್ದರು. ಆದರೆ ಹಾಕಿದ್ದು ನಾಲ್ಕೇ. ಬ್ರೆಡ್ ಅಂಗಡಿಯವರು ಪೀಪಾಯಿಯಂಥ ಮನುಷ್ಯ; ಗಡಿಯಾರದವರು ತಮ್ಮ ಗಡಿಯಾರದ ಮುಳ್ಳಿನಷ್ಟೇ ತೆಳ್ಳಗೆ. ಎರಡು ವಾರ ಇವರ ಬಟ್ಟೆ ಅವರಿಗೆ, ಅವರದು ಇವರಿಗೆ ಹೋಯಿತು. ಬ್ರೆಡ್ ಅಂಗಡಿಯವರು ಗುಂಡಿ ಕಿತ್ತ ಅಂಗಿ ಹಿಡಿದುಕೊಂಡು ಕೌಂಟರಿನ ಮುಂದೆ ನಿಂತರು.

“ಹಿಟ್ಟು ಉಬ್ಬೋದು ನೋಡಿದ್ದೀನಿ, ಎರಡೇ ವಾರದಲ್ಲಿ ನಾನೇ ಉಬ್ಬಿದೆ ಅಂತ ಹೆಂಡ್ತಿ ನನ್ನ ಊಟಾನೇ ಕಡಿಮೆ ಮಾಡಿದ್ಲಲ್ಲಮ್ಮಾ!”

ಹಿಂದೆಯೇ ಬಂದ ಗಡಿಯಾರದವರು ಮೆಲ್ಲಗೆ, “ಅಕ್ಕಾ, ನೀವು ಕೊಟ್ಟ ಪ್ಯಾಂಟಲ್ಲಿ ನಾನೂ ನನ್ನವಳೂ ಇಬ್ಬರೂ ಹಿಡೀತೀವಿ,” ಎಂದರು.

ಅಂಗಡಿಗೆ ಅಂಗಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತಿಗೆ. ಆದರೆ ಮಾರನೆಯ ವಾರ ಮಾಲೀಕರು ನಂಬರು ಒತ್ತಿದ ಬಟ್ಟೆಯ ಪಟ್ಟಿಗಳನ್ನು ತರಿಸಿದರು. “ಅಕ್ಕಾ, ಇನ್ನು ನೀವು ಮಡಚೋದಷ್ಟೇ ನೋಡ್ಕೊಳ್ಳಿ, ಕಣ್ಣಿಗೂ ಆರಾಮ,” ಎಂದರಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅತ್ತಿಗೆ ಹದಿನೈದು ದಿನ ಮಡಚಿದರು. ಹದಿನಾರನೆಯ ದಿನ ಸೂಜಿಯ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದು, ಅದನ್ನು ಬೀರುವಿನ ಮೇಲಿಟ್ಟರು. ನಾನು, “ದಾರ ನಾನು ಪೋಣಿಸಿ ಕೊಡ್ತೀನಿ ಅತ್ತಿಗೆ, ಮನೇಲೇ ಏನಾದ್ರೂ ಹೊಲೀರಿ,” ಎಂದೆ.

“ನನ್ನ ಸೂಜಿಗೆ ಇನ್ನೊಬ್ಬರು ದಾರ ಪೋಣಿಸೋ ಹಾಗಿದ್ರೆ ಆ ಸೂಜಿ ನಂದಲ್ಲ.” ಅಷ್ಟೇ. ಮಾತು ಮುಗಿಯಿತು.

ಇದಾಗಿ ಎರಡು ತಿಂಗಳಿಗೆ ಮಿಟುಕನಿಗೆ ಮಗಳು ಹುಟ್ಟಿದಳು. ಮಿಟುಕ ಬಸ್ಸು ಓಡಿಸುತ್ತಾನೆ, ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಗುವಿನ ಹೆಸರು ಬರೆಸುವ ಫಾರಂ ಬಂತು. ಸೊಸೆ ಅದನ್ನು ತಂದು ನೇರವಾಗಿ ಅತ್ತಿಗೆಯ ಮುಂದೆ ಇಟ್ಟಳು.

“ದೊಡ್ಡತ್ತೆ, ಹೆಸರು ನೀವೇ ಇಡ್ಬೇಕು. ಮನೇಲಿ ಕರೆಯೋಕೆ ಒಂದು, ಬರೆಯೋಕೆ ಒಂದು ಬೇಡ. ನೀವಿಟ್ಟಿದ್ದೇ ಇಲ್ಲಿ ಬರೆಸ್ತೀವಿ.”

“ಅದೇನೇ ಹುಚ್ಚು? ಬರೆಯೋದಕ್ಕೆ ಗಟ್ಟಿ ಹೆಸರು ಬೇಕು.”

“ನನ್ನದು ಗಟ್ಟಿ ಹೆಸರೇ, ಯಾರೂ ಕರೆಯಲ್ಲ ಅಷ್ಟೇ. ಹೆರಿಗೆಗೆ ಮೊದಲು ಆಸ್ಪತ್ರೇಲಿ ಮೂರು ಸಲ ಕೂಗಿದ್ರು, ನನ್ನನ್ನೇ ಅಂತ ನನಗೆ ಹೊಳೀಲೇ ಇಲ್ಲ. ಸರದಿ ತಪ್ಪಿ ಎರಡು ಗಂಟೆ ಜಾಸ್ತಿ ಕೂತೆ. ಕೂಗಿದ್ರೆ ಏಳದೇ ಇರೋ ಹೆಸರು ಯಾಕೆ ಬೇಕು?”

ಇಷ್ಟು ವರ್ಷ ಅತ್ತಿಗೆ ಬಾಯಿಬಿಟ್ಟು ಕೇಳದೇ ಇದ್ದದ್ದು ಇದನ್ನೇ, ತಾವಿಟ್ಟ ಹೆಸರು ಪುಸ್ತಕಕ್ಕೆ ಹೋಗಬೇಕೆನ್ನುವುದನ್ನು. ಈಗ ತಾನಾಗಿ ಮಡಿಲಿಗೆ ಬಂದಿದೆ. ಕೈ ಚಾಚುತ್ತಾರೆಂದು ನಾನು ಕಾದು ನಿಂತಿದ್ದೆ. ಅವರು ಫಾರಮನ್ನು ಹಿಂದಕ್ಕೆ ತಳ್ಳಿದರು.

“ಮುಖ ಕಾಣದೇ ಇರೋಳು ಹೆಸರೇನಿಡ್ತೀನಿ? ನಾಲ್ಕಕ್ಕೂ ಐದಕ್ಕೂ ವ್ಯತ್ಯಾಸ ತಿಳೀದೆ ಇಬ್ಬರು ಗಂಡಸರನ್ನ ಬೀದೀಲಿ ನಗೆಪಾಟಲು ಮಾಡಿದೆ. ಅಂಗಿ ಆದ್ರೆ ಬದಲಾಯಿಸಬಹುದು. ಇದನ್ನ ಹೇಗೆ ಬದಲಾಯಿಸ್ತೀರಿ? ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ಕೇಳಿ.”

ಕೇಳದೇ ಇದ್ದರೂ ಹೇಳುವವರಿಗೇನು ಬರ. ಬ್ರೆಡ್ ಅಂಗಡಿಯವರು ಬನ್ನು ಎಂದಿಡಿ ಎಂದರು. ಗಡಿಯಾರದವರ ಹೆಂಡತಿ ಒಂದು ಪಟ್ಟಿಯನ್ನೇ ಕಳಿಸಿದಳು. ಒಂದೊಂದು ಹೆಸರೂ ಬಸ್ಸಿನ ಬೋರ್ಡಿನಷ್ಟು ಉದ್ದ. ಫಾರಂ ರೇಡಿಯೋ ಕೆಳಗೆ ಮಲಗಿತ್ತು. ಜನನ ಬರೆಸುವ ಕಚೇರಿಯ ಗಡುವು ಶನಿವಾರ ಮಧ್ಯಾಹ್ನ, ಅಷ್ಟರೊಳಗೆ ಕೊಡದಿದ್ದರೆ ಆಮೇಲೆ ವಕೀಲರು, ಪ್ರಮಾಣಪತ್ರ ಎಂದು ಅಲೆಯಬೇಕು. ಗುರುವಾರ ಮಿಟುಕ, “ಸಾಕಮ್ಮಾ, ಅತ್ತೇನ ಕಾಡಿಸೋದು ಬೇಡ. ಆ ಪಟ್ಟೀಲಿ ಒಂದನ್ನ ಆರಿಸಿ ಬರೆದುಬಿಡೋಣ,” ಎಂದ. ಸೊಸೆ ಮುಖ ಊದಿಸಿಕೊಂಡಳು. ಅತ್ತಿಗೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಆದರೆ ಕಿವಿ ನಮ್ಮ ಕಡೆಗಿತ್ತು.

ಶುಕ್ರವಾರ ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ ಒರೆಸುತ್ತಿದ್ದೆ. ಸೊಸೆ ಮಲಗಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು. “ಒಂದು ನಿಮಿಷ ಹಿಡ್ಕೊಳ್ಳಿ ಅತ್ತಿಗೆ,” ಎಂದು ಬಟ್ಟೆ ಸಮೇತ ಅವರ ಮಡಿಲಿಗೆ ಹಾಕಿ ಓಡಿದೆ. ಹಾಲು ಅರ್ಧ ಒಲೆಯ ಪಾಲಾಗಿತ್ತು. ಒರೆಸಿ ತಿರುಗಿ ಬಂದರೆ ಅತ್ತಿಗೆ ಮಗುವಿನ ಕೈ ಹಿಡಿದುಕೊಂಡು ಕೂತಿದ್ದಾರೆ. ಎಳೆಮಕ್ಕಳ ಮುಷ್ಟಿ ಗೊತ್ತಲ್ಲ, ಕೀಲಿ ಹಾಕಿದ ಹಾಗಿರುತ್ತದೆ. ಅತ್ತಿಗೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸುತ್ತಿದ್ದರು. ಅವಳು ಬಿಡಲೊಲ್ಲಳು, ಒಂದು ಬಿಡಿಸಿದರೆ ಇನ್ನೊಂದನ್ನು ಮುಚ್ಚುತ್ತಿದ್ದಳು.

“ಏನೋ ಬಚ್ಚಿಟ್ಟಿದ್ದಾಳೆ ಕಣೇ ಕಳ್ಳಿ,” ಎಂದರು ಅತ್ತಿಗೆ. ಕೊನೆಗೂ ಅಂಗೈ ಬಿಚ್ಚಿತು. ಅತ್ತಿಗೆ ಎರಡು ಬೆರಳಲ್ಲಿ ಏನನ್ನೋ ಹೆಕ್ಕಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದರು.

“ನೂಲು. ಎರಡೆಳೆ ಹುರಿ. ಬಣ್ಣ ಹೇಳು.”

ಬಗ್ಗಿ ನೋಡಿದೆ. “ಕೆಂಪು ಅತ್ತಿಗೆ.”

ಮಗುವಿಗೆ ಸುತ್ತಿದ್ದ ಬಟ್ಟೆಯನ್ನು ಅತ್ತಿಗೆ ಅಂಚಿನುದ್ದಕ್ಕೂ ತಡವಿದರು. ಅದು ನಮ್ಮ ಮನೆಯ ಹಳೆಯ ಹೊದಿಕೆ. ಒಗೆದೂ ಒಗೆದೂ ಮೆತ್ತಗಾಗಿತ್ತೆಂದು ನಾನೇ ಮಗುವಿಗೆ ಕತ್ತರಿಸಿದ್ದೆ. ಮೂಲೆಯಲ್ಲಿ ಎರಡು ಓರೆ ಹೊಲಿಗೆಯಿತ್ತು. ಈಗ ಒಂದೇ ಉಳಿದಿತ್ತು. ಇನ್ನೊಂದನ್ನು ಈ ಇಪ್ಪತ್ತು ದಿನದ ಕೂಸು ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು.

“ಮೂವತ್ತು ವರ್ಷ ಹಂಡೇಲಿ ಕುದಿಸಿದ್ರೂ ಬಿಡದ ಹೊಲಿಗೆ ಇದು,” ಎಂದರು ಅತ್ತಿಗೆ. ಮಗುವಿನ ಅಂಗೈ ತಮ್ಮ ಕೆನ್ನೆಗೆ ಒತ್ತಿಕೊಂಡರು. ಬಹಳ ಹೊತ್ತು ಹಾಗೇ ಇದ್ದರು.

“ನೂಲಿ,” ಎಂದರು. ಮತ್ತೊಮ್ಮೆ, ಕೂಗಿ ನೋಡುವವರ ಹಾಗೆ, “ಏ ನೂಲೀ!”

ಒಳಗಿನ ಕೋಣೆಯಿಂದ ಸೊಸೆ ಕೆದರಿದ ತಲೆಯಲ್ಲೇ ಓಡಿ ಬಂದಳು. “ಏನಂದ್ರಿ ದೊಡ್ಡತ್ತೆ? ಇನ್ನೊಂದ್ಸಲ ಹೇಳಿ!”

ಅವಳ ಹಿಂದೆಯೇ ಬಂದ ಮಿಟುಕ, ಯೂನಿಫಾರ್ಮಿನ ಒಂದು ತೋಳು ಮಾತ್ರ ಹಾಕಿಕೊಂಡು, “ಮಿಟುಕನ ಮಗಳು ನೂಲಿ. ನಮ್ಮ ಮನೆ ಹೆಸರುಗಳನ್ನ ಬಸ್ಸಲ್ಲಿ ಕೂಗಿದ್ರೆ ಜನ ಮಧ್ಯದಲ್ಲೇ ಇಳಿದು ಹೋಗ್ತಾರೆ,” ಎಂದ. ಅಂದವನೇ ರೇಡಿಯೋ ಕೆಳಗಿನಿಂದ ಫಾರಂ ಎಳೆದುಕೊಂಡ.

ಶನಿವಾರ ಕಚೇರಿಗೆ ಅತ್ತಿಗೆಯೂ ಬರುತ್ತೇನೆಂದು ಹಟ ಹಿಡಿದರು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಫಾರಂ ನೋಡಿ ಕನ್ನಡಕ ಏರಿಸಿದರು.

“ಇದು ಮುದ್ದಿಗೆ ಕರೆಯೋದಲ್ವಾ? ನಿಜವಾದ ಹೆಸರು ಹೇಳಿ.”

“ಅದೇ ನಿಜವಾದ್ದು,” ಎಂದಳು ಸೊಸೆ.

“ನಾಳೆ ದೊಡ್ಡವಳಾಗಿ ನಿಮ್ಮನ್ನ ಬೈದ್ರೆ?”

ಅತ್ತಿಗೆ ಕಿಟಕಿಯ ಹತ್ತಿರ ಮುಖ ತಂದರು. “ಬೈಯೋದಾದ್ರೆ ನನ್ನನ್ನ ಬೈಲಿ. ಹೆಸರಿಟ್ಟೋಳು ನಾನು. ನೀವು ಬರೀರಪ್ಪ.”

ಗುಮಾಸ್ತರು ನಕ್ಕು ದಪ್ಪನೆಯ ಪುಸ್ತಕದಲ್ಲಿ ಬರೆದರು. ಲೇಖನಿ ಕಾಗದದ ಮೇಲೆ ಎಳೆದಾಡುವ ಸದ್ದಿಗೆ ಅತ್ತಿಗೆ ಕಿವಿಗೊಟ್ಟು ನಿಂತಿದ್ದರು. ಬರೆದದ್ದು ಎಲ್ಲಿ ಎಂದು ಕೇಳಿದರು. ಕಿಟಕಿಯೊಳಗೆ ಅವರ ಕೈ ಚಾಚಿಸಿ ಬೆರಳನ್ನು ಆ ಜಾಗದ ಮೇಲಿಟ್ಟೆ. “ಒದ್ದೆ ಇದೆ ಅಜ್ಜಿ, ಅಳಿಸಿಹೋಗುತ್ತೆ!” ಎಂದು ಗುಮಾಸ್ತರು ಗದರಿದರು. ಅತ್ತಿಗೆ ಬೆಂಕಿ ಮುಟ್ಟಿದ ಹಾಗೆ ಕೈ ಎಳೆದುಕೊಂಡರು. ಅಳಿಸಿರಲಿಲ್ಲ. ಬೆರಳ ತುದಿಗೆ ಒಂದಿಷ್ಟು ನೀಲಿ ಹತ್ತಿತ್ತು. ಮನೆಗೆ ಬಂದು ಕೈ ತೊಳೆಯಲು ನೀರು ಕೊಟ್ಟರೆ, “ಇರ್ಲಿ ಬಿಡು,” ಎಂದರು.

ಸಂಜೆ ನಾನು ಮಗುವಿನ ಬಟ್ಟೆಗಳನ್ನು ಮಡಚುತ್ತಿದ್ದಾಗ ಅತ್ತಿಗೆ ಬಂದು ಪಕ್ಕದಲ್ಲಿ ಕೂತರು. ಕಿತ್ತುಹೋದ ಗುರುತಿನ ಆ ಹೊದಿಕೆಯ ತುಂಡನ್ನು ಹುಡುಕಿ ತೊಡೆಯ ಮೇಲೆ ಹರಡಿಕೊಂಡರು.

“ಬೀರು ಮೇಲೆ ನನ್ನ ಡಬ್ಬಿ ಇದೆಯಲ್ಲ, ಇಳಿಸು.”

ಇಳಿಸಿಕೊಟ್ಟೆ. ಅವರೇ ಮುಚ್ಚಳ ತೆಗೆದು, ಬೆರಳಿನಿಂದ ತಡವಿ ಸೂಜಿಯೊಂದನ್ನು ಆರಿಸಿ, ಕೆಂಪು ದಾರದ ಉಂಡೆಯ ಜೊತೆ ನನ್ನ ಕಡೆ ಚಾಚಿದರು. ಮುಖ ಮಾತ್ರ ಬೇರೆ ಕಡೆ.

“ಪೋಣಿಸು.”

ನನಗೂ ಕಣ್ಣು ಚೆನ್ನಾಗಿರಲಿಲ್ಲ, ಅದರಲ್ಲೂ ಆ ಹೊತ್ತಿನಲ್ಲಿ. ಎರಡು ಸಲ ತಪ್ಪಿತು.

“ಏನೇ ಇಷ್ಟು ಹೊತ್ತು? ನಿನ್ನನ್ನ ಲಾಂಡ್ರೀಲಿ ಇಟ್ಕೊಂಡಿದ್ರೆ ಊರೆಲ್ಲ ಬೆತ್ತಲೆ ಓಡಾಡ್ಬೇಕಿತ್ತು,” ಎಂದರು.

“ಆಯ್ತು ತಗೊಳ್ಳಿ. ದಾರ ಎಷ್ಟುದ್ದ ಬಿಡ್ಲಿ?”

“ಉದ್ದಕ್ಕೇ ಬಿಡು,” ಎಂದರು ಅತ್ತಿಗೆ. “ಇದಾದ್ಮೇಲೆ ಅಂಗಿಗಳೂ ಇವೆ.”