ಲಲಿತಾಬಾಯಿಯ ಹಾಲು ಕುಡಿದ ಹೋತ

ಸಾಬಮ್ಮನಿಗೆ ಆಡುಗಳ ಜೊತೆ ಮಾತಾಡದೆ ಹೊತ್ತೇ ಹೋಗದು. ಬೈಯುವುದೂ ಅವುಗಳನ್ನೇ, ಮುದ್ದು ಮಾಡುವುದೂ ಅವುಗಳನ್ನೇ. ಚಿಮ್ಮನಚೋಡದ ಹತ್ತಿರ ಅವಳಿಗೂ ಗಂಡ ಅಂಬಾರಾಯನಿಗೂ ಎರಡು ಎಕರೆ ತೊಗರಿ ಹೊಲ, ಹೊಲದಲ್ಲೇ ತಗಡಿನ ಮನೆ, ಮನೆಗೆ ಅಂಟಿಕೊಂಡು ಆಡಿನ ಕೊಟ್ಟಿಗೆ, ಕಾಲಿಗೆ ತೊಡರುವಷ್ಟು ಕೋಳಿ. ಹೆಣ್ಣಾಡುಗಳಿಗೆಲ್ಲ ಅವಳು ಹೆಸರಿಡುತ್ತಾಳೆ, ಹೋತಗಳಿಗೆ ಮಾತ್ರ ಇಲ್ಲ. ಅವಳ ಅವ್ವನೂ ಇಡುತ್ತಿರಲಿಲ್ಲ. ಕೊಯ್ಯುವುದನ್ನು ಹೆಸರು ಹಿಡಿದು ಕರೆದರೆ ಉಣ್ಣುವ ಹೊತ್ತಿಗೆ ಗಂಟಲು ಕಟ್ಟುತ್ತದೆ ಎಂಬುದು ಆ ಮನೆಯ ಹೆಂಗಸರ ನಂಬಿಕೆ.

ಆ ಪದ್ಧತಿ ಕೆಡಿಸಿದವರು ಪಕ್ಕದ ಹೊಲದ ಲಲಿತಾಬಾಯಿ. ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆ ಎಂದರೂ ಸೆರಗು ಮೂಗಿಗೆ ಹೋಗುತ್ತದೆ. ಒಡ್ಡಿನ ಆಚೆ ಅವರ ಎಮ್ಮೆಗಳು. ಬೆಳಿಗ್ಗೆ ಸಂಜೆ ಊರಿಂದ ಬಂದು ತಾವೇ ಹಾಲು ಹಿಂಡುತ್ತಾರೆ.

ಹೋದ ವರ್ಷ, ಒಡ್ಡಿನಂಚಿಗೆ ಕೊಯ್ದ ಜೋಳದ ಕೂಳೆ ಮಳೆಗೆ ಮತ್ತೆ ಚಿಗುರಿತ್ತು. ಆ ಎಳೆ ಚಿಗುರು ಆಡಿಗೆ ವಿಷ. ಸಾಬಮ್ಮ ಅತ್ತ ತಿರುಗುವಷ್ಟರಲ್ಲಿ ಅವಳ ಚಂದ್ರಿ ಅದಕ್ಕೆ ಬಾಯಿ ಹಾಕಿ, ನೊರೆ ಕಾರಿ ಸತ್ತೇಹೋಯಿತು. ಉಳಿದವು ಹೊಕ್ಕುಳು ಒಣಗದ ಎರಡು ಮರಿ, ಒಂದು ಹೆಣ್ಣು, ಒಂದು ಗಂಡು. ಬೇರೆ ಆಡುಗಳು ಹತ್ತಿರ ಬಂದರೆ ಒದ್ದವು. ಸಾಬಮ್ಮ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಅಳುತ್ತ ಕೂತಿದ್ದಾಗ ಒಡ್ಡು ದಾಟಿ ಒಂದು ಚೊಂಬು ಬಂತು.

"ನೀರು ಬೆರಸಿ ಕುಡಸು," ಎಂದರು ಲಲಿತಾಬಾಯಿ. "ಎಮ್ಮಿ ಹಾಲು ಭಾಳ ದಪ್ಪ ಅದ. ಹಂಗೇ ಕೊಟ್ಟರ ಹೊಟ್ಟಿ ಕೆಡ್ತದ."

ಅಂದಿನಿಂದ ಮರಿಗಳು ಮೇವು ಕಚ್ಚುವ ತನಕ ಚೊಂಬು ತಪ್ಪಲಿಲ್ಲ. ಆಮೇಲೂ ಗಂಡುಮರಿ ಚಟ ಬಿಡಲಿಲ್ಲ. ಚೊಂಬು ಠಣ್ ಎಂದರೆ ಸಾಕು, ಒಡ್ಡು ಹಾರಿ ಅಲ್ಲಿ ಹಾಜರು. ಗದ್ದದ ಕೆಳಗೆ ನಾಲ್ಕು ಕೂದಲು ಮೂಡಿದ್ದೇ ತಡ, ಅಜ್ಜನ ಹಾಗೆ ಕಾಣುತ್ತಾನೆಂದು ಲಲಿತಾಬಾಯಿ ಅದನ್ನು "ಮುತ್ತ್ಯಾ" ಎಂದು ಕರೆದುಬಿಟ್ಟರು. ಸಾಬಮ್ಮ ಕೇಳಿಯೂ ಕೇಳದವಳಂತೆ ಇದ್ದಳು. ಹಾಲು ಕೊಟ್ಟವರ ಬಾಯಿ ಮುಚ್ಚಿಸುವುದು ಹೇಗೆ?

ಈ ವರ್ಷ ಮಗಳು ಕರುಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹೆತ್ತಳು. ಹೆಸರಿಡುವುದಕ್ಕೆ ಅಳಿಯನ ಮನೆಯವರು ವಾಡಿಯಿಂದ ಬರುವವರಿದ್ದರು. "ಹೋತ ಬಲತದ. ಇನ್ನೇನು ನೋಡೋದದ?" ಎಂದ ಅಂಬಾರಾಯ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬಾಣಂತಿಗೆ ಕಾಲಿನ ಸಾರು, ಬೀಗರಿಗೆ ಊಟ, ಸಾಕಿದ್ದೇ ಅದಕ್ಕೆ. ಆದರೆ ಸಾಬಮ್ಮನಿಗೆ ಲಲಿತಾಬಾಯಿಯ ಮುಖ ಕಣ್ಣಿಗೆ ಕಟ್ಟಿತು. ಆ ಹೆಂಗಸು ಮತ್ತೆ ತನ್ನ ಕಡೆ ನೋಡದಿದ್ದರೆ? ಹೆದರಿ ಅವರಿಗೆ ಒಂದು ಸುಳ್ಳು ಹೇಳಿದಳು: "ಬರೋ ಸಂತಿಗಿ ಮುತ್ತ್ಯಾನ್ನ ಕಳಸ್ತೀವ್ರಿ ಅಕ್ಕೋರ."

ಹೆಸರಿಡುವ ದಿನ ಬೆಳಿಗ್ಗೆ ಮುಜಾಹಿದ್ ಬಂದ. ಊರಲ್ಲಿ ಯಾರ ಮನೆಯ ಹೋತವಾದರೂ ಅವನೇ ಕೊಯ್ಯಬೇಕು, ಹಾಗಾದರೆ ಎಲ್ಲ ಓಣಿಯವರೂ ಉಣ್ಣಬಹುದು. ಲಲಿತಾಬಾಯಿ ಹಾಲು ಹಿಂಡಿ ಊರಿಗೆ ಮರಳಲಿ ಎಂದು ಸಾಬಮ್ಮ ಅವನನ್ನು ತಡೆದು ಕೂಡಿಸಿದ್ದಳು. ಹಗ್ಗ ಅವಳ ಕೈಯಲ್ಲಿತ್ತು. ಆಚೆ ಚೊಂಬು ಠಣ್ ಎಂದಿತು.

ಹಗ್ಗ ಕಿತ್ತುಕೊಂಡು ಹೋತ ಒಡ್ಡು ಹಾರಿತು. ಸಾಬಮ್ಮ ಹಿಂದೆ ಓಡಿದಳು, ಅವಳ ಹಿಂದೆ ಮುಜಾಹಿದ್, ಕೈಯಲ್ಲಿ ಚೂರಿ ಇರುವುದೇ ಅವನಿಗೆ ಮರೆತುಹೋಗಿತ್ತು. ಲಲಿತಾಬಾಯಿ ಚೂರಿ ನೋಡಿದರು. ಚೊಂಬಿನಲ್ಲಿ ಮೂತಿ ಇಟ್ಟ ಹೋತವನ್ನೂ ನೋಡಿದರು.

"ಸಂತಿಗಿ ಅಂದಿದ್ದಿ."

"ಸುಳ್ಳು ಹೇಳೀನ್ರಿ ಅಕ್ಕೋರ. ನೀವು ಹಾಲು ಹಾಕಿ ಉಳಿಸಿದ ಜೀವ, ನಿಮ್ಮ ಮಾರಿ ಮುಂದ ಹೆಂಗ ಹೇಳ್ಲಿ? ಬ್ಯಾಡ ಅಂದ್ರ ಬಿಡ್ತೀನ್ರಿ. ಬೀಗರಿಗಿ ಕೋಳಿ ಮಾಡ್ತೀನಿ."

ಲಲಿತಾಬಾಯಿ ಹೋತವನ್ನು ಚೊಂಬಿನ ತಳ ನೆಕ್ಕುವ ತನಕ ಬಿಟ್ಟರು.

"ನನ್ನ ಎಮ್ಮಿಗಿ ಹುಟ್ಟಿದ ಗಂಡು ಕರ ಒಂದಾದ್ರೂ ಈ ಕೊಟ್ಟಿಗ್ಯಾಗ ಕಾಣ್ತದೇನು?" ಎಂದರು ಕಡೆಗೆ. "ಸಂತ್ಯಾಗ ಹಗ್ಗ ಕೈ ಬಿಟ್ಟ ಮ್ಯಾಲ ಎಲ್ಲಿ ಹೋದವಂತ ನಾ ತಿರುಗಿ ನೋಡಂಗಿಲ್ಲ. ನೀ ಕಡೀತನಕ ನೋಡ್ತಿ. ನಿನಗ ಬ್ಯಾಡ ಅನ್ನೋ ಮಾರಿ ನನಗಿಲ್ಲ."

ಹಗ್ಗ ಸುತ್ತಿ ಸಾಬಮ್ಮನ ಕೈಗಿಟ್ಟರು. "ಹೊಟ್ಟಿ ತುಂಬ ಕುಡ್ದಾನ. ಬಾಣಂತಿಗಿ ಛಲೋತ್ನಂಗ ಉಣಸು." ಆಮೇಲೆ ಅತ್ತ ಮುಖ ಮಾಡಿ ಎಮ್ಮೆಯ ಕೆಚ್ಚಲು ತೊಳೆಯುತ್ತ ಕೂತರು. ಆಗಷ್ಟೇ ತೊಳೆದದ್ದನ್ನೇ ಮತ್ತೆ ತೊಳೆದರು.

ಮಧ್ಯಾಹ್ನ ಸಾಬಮ್ಮನಿಗೆ ಗಂಟಲು ಕಟ್ಟಿದ್ದು ನಿಜ. ಆದರೂ ಮುತ್ತ್ಯಾನನ್ನೂ ಲಲಿತಾಬಾಯಿಯನ್ನೂ ನೆನೆದು, ತಾಟಿನಲ್ಲಿ ಒಂದು ಚೂರೂ ಬಿಡದೆ ಉಂಡಳು.

ಸಂಜೆ ಅಂಗಳದಲ್ಲಿ ಎಲುಬಿನ ಸಾರು ಇನ್ನೂ ಕುದಿಯುತ್ತಿತ್ತು. ಒಡ್ಡು ದಾಟಿ ಲಲಿತಾಬಾಯಿ ಬಂದರು. ಸೆರಗು ಮೂಗಿಗೆ ಹೋಗಲಿಲ್ಲ. ಸಾಬಮ್ಮ ಗಡಬಡಿಸಿ ಕೌದಿ ಹಾಸಿ, "ಕುಂದ್ರಿ ಅಕ್ಕೋರ," ಎಂದಳು. ಅವರು ಕೂತರು, ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡರು. ಆಮೇಲೆ ಅದೇ ಚೊಂಬನ್ನು ಸಾಬಮ್ಮನ ಕಡೆ ಸರಿಸಿದರು.

"ಇದು ಕರುಣಾಗ," ಎಂದರು. "ನೀರು ಬೆರಸಬ್ಯಾಡ."